ಹತ್ತೊಂಬತ್ತು ದಿನದ ಬದಲಿ

ಚೆನ್ನಯ ನೌಕಾಪಡೆ ಸೇರಿದ್ದು ಅಡಿಗೆಮನೆಯಿಂದ ತಪ್ಪಿಸಿಕೊಳ್ಳಲು ಎಂದರೆ ಯಾರೂ ನಂಬುವುದಿಲ್ಲ. ಯಾಕೆಂದರೆ ನೌಕಾಪಡೆ ಅವನನ್ನು ನಿಲ್ಲಿಸಿದ್ದು ಅಡಿಗೆಮನೆಯಲ್ಲೇ. ಅವನ ಅಪ್ಪ ಕಾಂತಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಮೊದಲು ಕಪ್ಪು ಬಸಿ ತೊಳೆದರು, ಆಮೇಲೆ ಟೇಬಲ್ಲಿಗೆ ಸಪ್ಲೈ ಮಾಡಿದರು, ಕಡೆಗೆ ಗಲ್ಲಾದಲ್ಲಿ ಕೂತರು. ಮಗನ ಮೈಗೆ ಈ ಸಾಂಬಾರಿನ ವಾಸನೆ ಹತ್ತುವುದು ಬೇಡ ಎಂದು ಅವನನ್ನು ಬಿ.ಕಾಂಗೆ ಸೇರಿಸಿದರೆ, ಮಗ ಮೊದಲ ವರ್ಷದ ನಡುವೆಯೇ ಒಂದು ಜಾಹೀರಾತು ನೋಡಿ ಅರ್ಜಿ ಹಾಕಿ ಆಯ್ಕೆಯೂ ಆಗಿಬಿಟ್ಟ. ಅಲ್ಲಿ ಯಾರೋ ಒಬ್ಬರು, ನೀನು ಉಡುಪಿ ಕಡೆಯವನಲ್ಲವೇ, ದೋಸೆ ಬರುತ್ತದೆಯೇ ಎಂದು ಕೇಳಿದರಂತೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಇವನು ಬರುತ್ತದೆ ಎಂದನಂತೆ. ಅಲ್ಲಿಗೆ ಮುಗಿಯಿತು. ಹದಿನೈದು ವರ್ಷದಿಂದ ಅವನು ನೌಕಾಪಡೆಗೆ ದೋಸೆ ಹುಯ್ಯುತ್ತಿದ್ದಾನೆ. ಈಗ ಅಡಿಗೆ ವಿಭಾಗದ ಪೆಟ್ಟಿ ಆಫೀಸರ್. ಕೈಕೆಳಗೆ ಆರು ಜನ, ಆದರೆ ಸೌಟು ಮಾತ್ರ ಇನ್ನೂ ಅವನ ಕೈಯಲ್ಲೇ.

ಅರ್ಧಕ್ಕೆ ಬಿಟ್ಟ ಕಾಲೇಜು ಎಲೆಯಲ್ಲಿ ಬಿಟ್ಟು ಎದ್ದ ಊಟದ ಹಾಗೆ ಅವನನ್ನು ಕಾಡುತ್ತಲೇ ಇತ್ತು. ಎರಡೂವರೆ ವರ್ಷದ ಹಿಂದೆ ಮುಂಬಯಿಗೆ, ಅದೂ ದಡದ ಮೇಲಿನ ಕೆಲಸಕ್ಕೆ ವರ್ಗವಾದಾಗ ಅವನು ಮೊದಲು ಮಾಡಿದ್ದು ಕಾಲೇಜಿಗೆ ಹೋಗಲು ಅನುಮತಿ ಕೇಳಿ ಮೇಲಧಿಕಾರಿಗೆ ಅರ್ಜಿ ಬರೆದದ್ದು. ಜೊತೆಯವರು ನಕ್ಕರು. ಹದಿನೈದು ವರ್ಷ ಸರ್ವಿಸ್ ಮುಗಿಸಿದರೆ ಪದವಿಗೆ ಸಮ ಎನ್ನುವ ಕಾಗದ ಹೇಗೂ ಸಿಗುತ್ತದೆ, ಬೆಳಿಗ್ಗೆ ಎದ್ದು ಮಕ್ಕಳ ನಡುವೆ ಬೆಂಚಿನ ಮೇಲೆ ಯಾಕೆ ಕೂರುತ್ತೀ ಎಂದು ಕೇಳಿದರು. ಕಾಗದ ಬೇಡ, ಬೆಂಚೇ ಬೇಕು ಎಂದ ಚೆನ್ನಯ. ಅವನ ಆಸೆ ನಿಜವಾಗಿಯೂ ಅಷ್ಟೇ ಇತ್ತು.

ಅನುಮತಿ ಸಿಕ್ಕಿತು, ಎರಡು ಷರತ್ತಿನ ಮೇಲೆ. ಡ್ಯೂಟಿ ಮೊದಲು, ಕ್ಲಾಸು ಆಮೇಲೆ. ಮತ್ತೆ, ಪ್ರತಿ ಅವಧಿಯ ಕೊನೆಗೆ ಕಾಲೇಜಿನ ಹಾಜರಿ ಪತ್ರ ಅಧಿಕಾರಿಯ ಮೇಜಿನ ಮೇಲೆ ಇರಬೇಕು; ಅದರಲ್ಲಿ ಏನಾದರೂ ಎಡವಟ್ಟು ಕಂಡರೆ ಅನುಮತಿ ಅಲ್ಲಿಗೇ ರದ್ದು. ಗ್ರಾಂಟ್ ರೋಡ್ ಸ್ಟೇಷನ್ನಿಂದ ಹತ್ತು ನಿಮಿಷದ ಹಾದಿಯಲ್ಲಿ ಒಂದು ಕಾಲೇಜು ಬೆಳಗಿನ ಏಳರಿಂದ ಹತ್ತರವರೆಗೆ ನಡೆಯುತ್ತಿತ್ತು. ಹನ್ನೊಂದಕ್ಕೆ ಶುರುವಾಗುವ ಪಾಳಿಯನ್ನು ಚೆನ್ನಯ ಕೇಳಿ ಹಾಕಿಸಿಕೊಂಡ. ಘಾಟ್ಕೋಪರಿನಿಂದ ಐದೂವರೆಯ ಲೋಕಲ್, ದಾದರಿನಲ್ಲಿ ಇಳಿದು ಓಡಿ ಇನ್ನೊಂದು ಲೋಕಲ್, ಮೂರು ಪೀರಿಯಡ್, ಅಲ್ಲಿಂದ ಬಸ್ ಹಿಡಿದು ನೌಕಾಪಡೆಯ ಅಡಿಗೆಮನೆ. ಮೊದಲ ವಾರ ಹಾಜರಿ ಕೂಗಿದಾಗ ಅವನು ಹಿಮ್ಮಡಿ ಜೋಡಿಸಿ ನೆಟ್ಟಗೆ ಎದ್ದು ನಿಂತು "ಪ್ರೆಸೆಂಟ್ ಸರ್" ಎನ್ನುತ್ತಿದ್ದ. ಹುಡುಗರು ಬಿದ್ದು ಬಿದ್ದು ನಕ್ಕರು. ಎರಡನೆಯ ವಾರ ಅವರೂ ಹಾಗೇ ಎದ್ದು ನಿಲ್ಲತೊಡಗಿದರು. ಕೊನೆಗೆ ಲೆಕ್ಚರರೇ ಕೈಮುಗಿದು, ದಯವಿಟ್ಟು ಎಲ್ಲರೂ ಕೂತುಕೊಂಡೇ ಹೇಳಿ, ಇಲ್ಲದಿದ್ದರೆ ಹಾಜರಿಯಲ್ಲೇ ಪೀರಿಯಡ್ ಮುಗಿಯುತ್ತದೆ ಎಂದರು.

ಮನೆಯಲ್ಲಿ ಇನ್ನೊಂದು ಪೀರಿಯಡ್ ಕಾದಿರುತ್ತಿತ್ತು. ಚೆನ್ನಯ ಸಂಜೆ ಬಂದು ಕಾಲು ತೊಳೆಯುವ ಮೊದಲೇ ಕಾಂತಪ್ಪ, ಇವತ್ತು ಎಂತ ಪಾಠ ಎಂದು ಕೇಳುತ್ತಿದ್ದರು. ಹರೆಯದಲ್ಲಿ ಹೋಟೆಲು ಮುಚ್ಚಿದ ಮೇಲೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸು ಮಾಡಿದ ಮನುಷ್ಯ. ಅದರ ಮೇಲಿನ ಓದು ಅವರ ಪಾಲಿಗೆ ಬರಲಿಲ್ಲ. ಕಾಲೇಜಿನ ಗೇಟಿನ ಮುಂದೆಯೇ ಮೂವತ್ತನಾಲ್ಕು ವರ್ಷ ಓಡಾಡಿದರೂ ಒಳಗೆ ಹೋಗಲು ಕಾರಣ ಸಿಗಲಿಲ್ಲ. ಈಗ ಮಗನ ಬಾಯಿಂದ ಕೇಳಿದ್ದನ್ನೆಲ್ಲ ಅವರು ಹೋಟೆಲಿಗೆ ಹಚ್ಚಿ ಪರೀಕ್ಷೆ ಮಾಡುತ್ತಿದ್ದರು. ಬೇಡಿಕೆ ಮತ್ತು ಪೂರೈಕೆಯ ನಿಯಮ ಮಸಾಲೆ ದೋಸೆಗೆ ಹೊಂದುತ್ತದೆ, ಇಡ್ಲಿಗೆ ಹೊಂದುವುದಿಲ್ಲ ಎಂದು ಒಂದು ಸಂಜೆ ತೀರ್ಪು ಕೊಟ್ಟರು. ಸೊಸೆ ವಿಜೇತಾ ಅಡಿಗೆಮನೆಯಿಂದಲೇ, ಪರೀಕ್ಷೆಗೆ ನೀವೇ ಕೂತುಕೊಳ್ಳಿ ಮಾವ ಎಂದು ನಗುತ್ತಿದ್ದಳು.

ಹೀಗೆ ಐದು ಸೆಮಿಸ್ಟರ್ ದಾಟಿ ಆರನೆಯದು, ಕೊನೆಯದು, ಅರ್ಧ ಆಗಿತ್ತು. ಏಪ್ರಿಲ್‌ನಲ್ಲಿ ಪರೀಕ್ಷೆ, ಮೇ ತಿಂಗಳಲ್ಲಿ ಚೆನ್ನಯನಿಗೆ ವಿಶಾಖಪಟ್ಟಣಕ್ಕೆ ವರ್ಗ. ಈ ಏಪ್ರಿಲ್ ತಪ್ಪಿದರೆ ಮತ್ತೆ ಮೊದಲಿಂದ ಹಾಜರಿ ತುಂಬಬೇಕು. ವಿಶಾಖಪಟ್ಟಣದಲ್ಲಿದ್ದುಕೊಂಡು ಗ್ರಾಂಟ್ ರೋಡಿನಲ್ಲಿ ಹಾಜರಿ ತುಂಬುವುದು ಯಾರಿಂದಲೂ ಆಗದ ಕೆಲಸ. ಆದದ್ದಾಗಲಿ, ಇನ್ನೆರಡು ತಿಂಗಳು ಎಂದು ಅವನು ದಿನ ಎಣಿಸುತ್ತಿರುವಾಗ ಫೆಬ್ರವರಿ ಮೊದಲ ವಾರ ಆಜ್ಞೆ ಬಂತು. ಸಮುದ್ರಕ್ಕೆ ಹೊರಟ ಹಡಗೊಂದರ ಮುಖ್ಯ ಅಡಿಗೆಯವನು ಕಾಲು ಮುರಿದುಕೊಂಡಿದ್ದಾನೆ, ಚೆನ್ನಯ ಇಪ್ಪತ್ತಾರು ದಿನಕ್ಕೆ ಹೋಗಬೇಕು.

ಡ್ಯೂಟಿ ಮೊದಲು ಎಂದು ಅವನೇ ಸಹಿ ಹಾಕಿ ಕೊಟ್ಟಿದ್ದಾಗಿತ್ತು. ಚೀಲ ಕಟ್ಟುವಾಗ ಅವನ ಮುಖ ನೋಡಿ ಕಾಂತಪ್ಪ ಭುಜ ತಟ್ಟಿ, "ನೀನು ಹೋಗು ಮಗಾ. ಇಲ್ಲಿದ್ದದ್ದು ನಾನು ನೋಡಿಕೊಳ್ತೇನೆ" ಎಂದರು. ಮನೆಯ ಗ್ಯಾಸು, ನೀರು, ಕರೆಂಟಿನ ಮಾತು ಎಂದುಕೊಂಡು ಚೆನ್ನಯ ತಲೆಯಾಡಿಸಿದ.

ಹಡಗು ಮರಳಿದ್ದು ಮಾರ್ಚಿನ ಒಂದು ಶನಿವಾರ ಸಂಜೆ. ಮನೆಗೆ ಹೋದವನು ಉಂಡು ಮಲಗಿದ. ಭಾನುವಾರ ಹಡಗಿನ ಸಾಮಾನು ಒಪ್ಪಿಸುವ ಕೆಲಸ. ಸೋಮವಾರ ರಜೆ ಸಿಕ್ಕಿತು. ಬೆಳಿಗ್ಗೆ ಎದ್ದವನೇ ಕಾಲೇಜಿಗೆ ಬಂದ. ಕೈಯಲ್ಲಿ ಅವನ ಅಧಿಕಾರಿ ಸಹಿ ಹಾಕಿದ ಪತ್ರವಿತ್ತು: ಇಂಥ ದಿನದಿಂದ ಇಂಥ ದಿನದವರೆಗೆ ಈತ ಸಮುದ್ರದಲ್ಲಿ ಕರ್ತವ್ಯದ ಮೇಲಿದ್ದ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಬಿಡುವುದಿಲ್ಲ. ಆದರೆ ಇಂಥ ಪತ್ರ ತಂದುಕೊಟ್ಟರೆ ವೈಸ್ ಪ್ರಿನ್ಸಿಪಾಲರು ತಮ್ಮ ಸಹಿಯಿಂದ ಕೊರತೆಯನ್ನು ಮನ್ನಾ ಮಾಡಬಹುದು. ಚೆನ್ನಯ ಮನಸ್ಸಿನಲ್ಲೇ ಹಾಕಿ ನೋಡಿದ್ದ, ಅವನದು ಅರವತ್ತಮೂರರ ಹತ್ತಿರ ಬರುತ್ತಿತ್ತು.

ಆಫೀಸಿನಲ್ಲಿ ಗುಮಾಸ್ತ ನಬೀಸಾಬ ಕೂತಿದ್ದರು. ವಿಜಯಪುರದ ಕಡೆಯವರು, ಮುಂಬಯಿಗೆ ಬಂದು ಮೂವತ್ತು ವರ್ಷವಾದರೂ ಮಾತಿಗೆ ಊರಿನ ಗಾಳಿ ಹಾಗೇ ಇತ್ತು. ಅವರು ಪತ್ರ ಓದಿದರು, ರಿಜಿಸ್ಟರ್ ತೆಗೆದು ನಲವತ್ತೇಳನೆಯ ನಂಬರಿನ ಮೇಲೆ ಬೆರಳಿಟ್ಟರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಏನ್ರೀ ಚೆನ್ನಯ, ನಿಮಗ್ಯಾಕ ಬೇಕ್ರಿ ಮನ್ನಾ? ತೊಂಬತ್ತಮೂರು ಅದ ನಿಮ್ದು. ಒಂದ್ ದಿನಾನೂ ತಪ್ಪಿಸಿಲ್ಲಲ್ರೀ ಫೆಬ್ರವರಿದಾಗ."

ಚೆನ್ನಯನಿಗೆ ಮೊದಲು ತಮಾಷೆ ಅನ್ನಿಸಿತು. ಬಗ್ಗಿ ನೋಡಿದ. ಇಪ್ಪತ್ತಾರು ದಿನದಲ್ಲಿ ಕಾಲೇಜು ನಡೆದದ್ದು ಹತ್ತೊಂಬತ್ತು ದಿನ. ಹತ್ತೊಂಬತ್ತೂ ದಿನ ಅವನ ಹೆಸರಿನ ಮುಂದೆ ಹಾಜರಿ ಗುರುತು, ಒಂದಕ್ಕಿಂತ ಒಂದು ಅಂದವಾಗಿ. ಹಡಗಿನಲ್ಲಿ ಅವನು ಉಪ್ಪಿಟ್ಟು ಕೆದಕುತ್ತಿದ್ದ ಹೊತ್ತಿಗೆ ಇಲ್ಲಿ ಅವನು ಅರ್ಥಶಾಸ್ತ್ರ ಕೇಳುತ್ತಿದ್ದನೆಂದು ಸರ್ಕಾರಿ ಶಾಯಿಯಲ್ಲಿ ಬರೆದಿತ್ತು.

ನಬೀಸಾಬರ ಮುಖದ ನಗೆಯೂ ನಿಧಾನವಾಗಿ ಇಳಿಯಿತು. ಎರಡು ಕಾಗದದಲ್ಲಿ ಒಂದು ಸುಳ್ಳು. ರಿಜಿಸ್ಟರ್ ಸುಳ್ಳಾದರೆ ಪ್ರಾಕ್ಸಿ, ಬೇರೆ ಯಾರೋ ಹೇಳಿದ ಹಾಜರಿ; ಪತ್ರ ಸುಳ್ಳಾದರೆ ಅದಕ್ಕಿಂತ ದೊಡ್ಡದು. ಅವರು ಎರಡನ್ನೂ ಎತ್ತಿಕೊಂಡು ವೈಸ್ ಪ್ರಿನ್ಸಿಪಾಲರ ಕೋಣೆಗೆ ನಡೆದರು. ಚೆನ್ನಯ ಹಿಂದೆಯೇ ಹೋದ.

ವೈಸ್ ಪ್ರಿನ್ಸಿಪಾಲ್ ವಿನೋದಿನಿ ಮೇಡಂ ಎಂದರೆ ಹುಡುಗರು ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಯೇ ಚದುರುತ್ತಿದ್ದರು. ಮನೆಮಾತು ಮರಾಠಿ, ಬೈಯುವುದು ಹಿಂದಿಯಲ್ಲಿ, ನೋಟೀಸು ಹಾಕುವುದು ಇಂಗ್ಲಿಷಿನಲ್ಲಿ. ಅವರು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ನೋಡಿ, ನೀವು ಎಲ್ಲಿದ್ದಿರಿ ಎಂದಷ್ಟೇ ಕೇಳಿದರು. ಸಮುದ್ರದಲ್ಲಿ ಎಂದ ಚೆನ್ನಯ. ಹಾಗಾದರೆ ನಿಮ್ಮ ಹೆಸರಿಗೆ ಓಗೊಟ್ಟವರು ಯಾರು? ಗೊತ್ತಿಲ್ಲ. ಅವರು ಗೋಡೆಯ ಮೇಲಿನ ನೋಟೀಸು ತೋರಿಸಿದರು: ಪ್ರಾಕ್ಸಿ ಕೊಟ್ಟವರೂ ಕೊಡಿಸಿಕೊಂಡವರೂ ಪರೀಕ್ಷೆಗೆ ಕೂರುವಂತಿಲ್ಲ. ನಾಳೆ ಹತ್ತು ಗಂಟೆಯೊಳಗೆ ಆ ಮನುಷ್ಯನನ್ನು ಕರೆತಂದರೆ ಸರಿ, ಇಲ್ಲವಾದರೆ ನಿಮ್ಮ ಅಧಿಕಾರಿಗೆ ಪತ್ರ ಬರೆಯುತ್ತೇನೆ ಎಂದರು.

ಚೆನ್ನಯ ಹೊರಗೆ ಬಂದ. ಅವನ ಗುಮಾನಿಯೆಲ್ಲ ಕ್ಲಾಸಿನ ಹುಡುಗರ ಮೇಲೆ. ಪ್ರೀತಿ ಜಾಸ್ತಿಯಾದರೆ ಅವರು ಇಂಥದ್ದೇ ಉಪಕಾರ ಮಾಡುವವರು. ಹೆಸರು ಹೇಳಿದರೆ ಅವರ ವರ್ಷ ಹಾಳು, ಹೇಳದಿದ್ದರೆ ತನ್ನದು. ಕ್ಯಾಂಟೀನಿನಲ್ಲಿ ಅದೇ ಕ್ಲಾಸಿನ ಯಕ್ಷಿತಾ ಸಿಕ್ಕಳು. ಅವಳ ಅಜ್ಜಿಯ ಊರು ಮಂಗಳೂರು, ಅವಳದು ಘಾಟ್ಕೋಪರ್. ಚೆನ್ನಯನ ಜೊತೆ ಕನ್ನಡ ಆಡಿ ಕನ್ನಡ ಉಳಿಸಿಕೊಳ್ಳುತ್ತಿರುವುದಾಗಿ ಅವಳೇ ಹೇಳಿಕೊಳ್ಳುತ್ತಿದ್ದಳು. ನನ್ನ ಪ್ರಾಕ್ಸಿ ಕೊಟ್ಟದ್ದು ಯಾರು ಎಂದು ಅವನು ಗದರಿದ್ದಕ್ಕೆ ಅವಳು ಕಣ್ಣು ದೊಡ್ಡದು ಮಾಡಿದಳು.

"ಪ್ರಾಕ್ಸಿ? ನಹೀ ಅಂಕಲ್, ನಾವು ಯಾರೂ ಕೊಟ್ಟದ್ದಿಲ್ಲ. ನಿಮ್ಮ ಪಪ್ಪಾ ಡೈಲಿ ಬರ್ತಿದ್ರು ನಾ. ಫಸ್ಟ್ ಬೆಂಚ್. ನಿಮ್ಗೆ ಗೊತ್ತಿಲ್ವಾ?"

ಚೆನ್ನಯ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತ. ಯಕ್ಷಿತಾಗೆ ಹೇಳುವುದಕ್ಕೆ ಬಹಳ ಇತ್ತು. ಅಜ್ಜ ಮೊದಲ ದಿನವೇ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದರಂತೆ. ನಲವತ್ತೇಳು ಎಂದು ಕೂಗಿದಾಗ ಇಡೀ ಕ್ಲಾಸಿಗೆ ಕೇಳುವ ಹಾಗೆ ಪ್ರೆಸೆಂಟ್ ಎಂದರಂತೆ. ಹುಡುಗರಿಗೆ ನಗು ಬಂತು, ಆದರೆ ಅಷ್ಟು ಗಂಭೀರವಾಗಿ ಹೇಳಿದ ಮನುಷ್ಯನನ್ನು ಸುಳ್ಳು ಮಾಡುವುದು ಹೇಗೆ? ಅರ್ಥಶಾಸ್ತ್ರದ ಮೇಡಂ ಹೊಸಬರು, ಬರೆದುಕೊಂಡರು. ಎರಡನೆಯ ವಾರಕ್ಕೆ ಅಜ್ಜ ಎಲ್ಲರಿಗೂ ಬೇಕಾದವರಾದರು. ಈ ಕ್ಯಾಂಟೀನಿನವನಿಗೆ ಕಾಫಿ ಮಾಡುವುದನ್ನು ಕಲಿಸಿಕೊಟ್ಟದ್ದೂ ಅವರೇ, ಮೊದಲು ಇಲ್ಲಿ ಸಿಗುತ್ತಿದ್ದದ್ದು ಬಣ್ಣದ ನೀರು ಎಂದು ಅವಳು ಲೋಟ ಎತ್ತಿ ತೋರಿಸಿದಳು.

ದಾದರಿನಿಂದ ಘಾಟ್ಕೋಪರಿಗೆ ಹೋಗುವ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕರೂ ಚೆನ್ನಯ ನಿಂತೇ ಹೋದ. ಮನೆಯ ಬಾಗಿಲಲ್ಲೇ ಕಾಂತಪ್ಪ ಪತ್ರಿಕೆ ಓದುತ್ತಾ ಕೂತಿದ್ದರು. ನೀವು ಕಾಲೇಜಿಗೆ ಹೋಗಿದ್ದಿರಾ ಎಂದು ಮಗ ಕೇಳಿದಾಗ ಅವರ ಮುಖ ಅರಳಿತು. ಪರೀಕ್ಷೆಗೆ ಮೊದಲು ಒಂದು ಒಳ್ಳೆಯ ದಿನ ನೋಡಿ ಹೇಳಬೇಕೆಂದಿದ್ದೆ, ಅಷ್ಟರಲ್ಲಿ ನಿನಗೆ ಗೊತ್ತಾಯಿತೇ ಎಂದು ಒಳಗೆ ಹೋಗಿ ಒಂದು ದಪ್ಪ ನೋಟ್‌ಬುಕ್ ತಂದು ಮಗನ ಕೈಗಿಟ್ಟರು.

"ನಿನ್ನ ಜಾಗಕ್ಕೆ ಬದಲಿ ಹೋಗಿದ್ದೆ ಮಗಾ. ಒಂದು ದಿನ ಬಿಟ್ಟದ್ದಿಲ್ಲ."

ಬದಲಿ ಎಂದರೇನು ಎಂದು ಚೆನ್ನಯನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಊರಿಗೆ ಹೋಗುವವನು ಹಾಗೇ ಎದ್ದು ಹೋಗುವುದಿಲ್ಲ. ತಮ್ಮನನ್ನೋ ಭಾವನನ್ನೋ ಪಕ್ಕದ ಮನೆಯವನನ್ನೋ ತನ್ನ ಜಾಗದಲ್ಲಿ ನಿಲ್ಲಿಸಿ ಹೋಗುತ್ತಾನೆ. ಹಾಗೆ ನಿಂತವನ ಸ್ವಂತ ಹೆಸರನ್ನು ಯಾರೂ ಕೇಳುವುದಿಲ್ಲ. ಹೋದವನ ಹೆಸರು ಹಿಡಿದು ಕೂಗುತ್ತಾರೆ, ಇವನು ಓ ಎನ್ನುತ್ತಾನೆ. ಹೋದವನು ತಿರುಗಿ ಬಂದಾಗ ಅವನ ಜಾಗ ಬೆಚ್ಚಗೆ ಇರುತ್ತದೆ. ಕಾಂತಪ್ಪ ಮುಂಬಯಿಗೆ ಬಂದದ್ದೇ ಭಾವ ರಾಮಪ್ಪನ ಬದಲಿಯಾಗಿ. ಮೊದಲ ಎರಡು ತಿಂಗಳು ಇಡೀ ಗ್ರಾಂಟ್ ರೋಡ್ ಅವರನ್ನು ರಾಮಪ್ಪ ಎಂದೇ ಕರೆದಿತ್ತು. ಬದಲಿ ಇಡದೆ ಜಾಗ ಬಿಟ್ಟವನನ್ನು ಅವರು ಮನುಷ್ಯರ ಸಾಲಿಗೆ ಸೇರಿಸುತ್ತಿರಲಿಲ್ಲ.

ಕಾಲೇಜು ಹೋಟೆಲಲ್ಲ ಎಂದು ಚೆನ್ನಯ ಕೂಗಬೇಕೆಂದುಕೊಂಡ. ಅಪ್ಪನ ಮುಖ ನೋಡಿ ನೋಟ್‌ಬುಕ್ಕಿನ ಪುಟ ತಿರುವಿದ. ವಿಜೇತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ತಪ್ಪು ತನ್ನದೂ ಇದೆ, ದಿನಾ ತಿಂಡಿ ಕಟ್ಟಿಕೊಟ್ಟದ್ದು ತಾನೇ ಎಂದಳು. ಕಾಲೇಜಿನವರನ್ನು ಒಂದು ಮಾತು ಕೇಳಿ ಹೋಗಿ ಎಂದು ಅವಳು ಹೇಳಿದ್ದಳಂತೆ. ಮಾವ ಕೇಳಿದ್ದು ಕ್ಲಾಸು ಯಾವ ಮಾಳಿಗೆಯಲ್ಲಿ ಎಂದು ಮಾತ್ರ. ಚೆನ್ನಯ ನಿಧಾನವಾಗಿ ಎಲ್ಲ ಹೇಳಿದ: ರಿಜಿಸ್ಟರ್, ಪತ್ರ, ನೋಟೀಸು, ನಾಳೆ ಹತ್ತು ಗಂಟೆ, ಪರೀಕ್ಷೆ. ಹೇಳಹೇಳುತ್ತ ಕಾಂತಪ್ಪನವರ ಮುಖ ಸಣ್ಣದಾಯಿತು. ಅವರು ನೋಟ್‌ಬುಕ್ಕನ್ನು ಮಗನ ಕೈಯಿಂದ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಯಾರೂ ಪಾಠದ ವಿಷಯ ಎತ್ತಲಿಲ್ಲ.

ಮರುದಿನ ಹತ್ತಕ್ಕೆ ಇಬ್ಬರೂ ವಿನೋದಿನಿ ಮೇಡಂ ಎದುರು ನಿಂತಿದ್ದರು. ಮಗ ಬಿಳಿ ಯೂನಿಫಾರ್ಮಿನಲ್ಲಿ, ಅಪ್ಪ ಬಿಳಿ ಶರ್ಟಿನಲ್ಲಿ. ಕೋಣೆಯ ಮೂಲೆಯಲ್ಲಿ ರಾಧಿಕಾ ಮೇಡಂ ಆಗಲೇ ಬೆವರುತ್ತಾ ನಿಂತಿದ್ದಳು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಬಾಣಂತಿ ರಜೆಯಲ್ಲಿದ್ದ ಅರ್ಥಶಾಸ್ತ್ರದ ಲೆಕ್ಚರರ ಜಾಗಕ್ಕೆ ಫೆಬ್ರವರಿಯಲ್ಲಷ್ಟೇ ಬಂದವಳು, ದಿನಾ ಬೊರಿವಲಿಯಿಂದ ಬಂದು ಹೋಗುವವಳು. ಮೊದಲ ಪೀರಿಯಡ್ ಅವಳದು, ಈ ಕಾಲೇಜಿನಲ್ಲಿ ಮೊದಲ ಪೀರಿಯಡ್ಡಿನ ಹಾಜರಿಯೇ ಇಡೀ ದಿನದ ಹಾಜರಿ. ಬಾಗಿಲಲ್ಲಿ ಕಾಂತಪ್ಪನವರನ್ನು ಕಂಡವಳೇ ಅವಳು, ನೋಡಿ ಮೇಡಂ, ಬಂದರಲ್ಲ ನಲವತ್ತೇಳು ಎಂದು ಸಮಾಧಾನದ ಉಸಿರು ಬಿಟ್ಟಳು. ಅವರ ಪಕ್ಕದಲ್ಲಿದ್ದವನು ನಲವತ್ತೇಳು, ಇವರು ನಲವತ್ತೇಳರ ತಂದೆ ಎಂದು ತಿಳಿದಾಗ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡಳು.

"ನಲವತ್ತೇಳು ನೇವಿಯವರು, ಸ್ವಲ್ಪ ಏಜ್ ಆಗಿದೆ ಅಂತ ಹೇಳಿದ್ರು. ನಾನು ಇವರೇ ಅಂದ್ಕೊಂಡೆ. ಸ್ಟಾಫ್ ರೂಮಲ್ಲಿ ಎಲ್ರಿಗೂ ಎಕ್ಸಾಂಪಲ್ ಕೊಡ್ತಿದ್ದೆ, ಈ ಏಜಲ್ಲೂ ಒಂದು ದಿನ ಮಿಸ್ ಮಾಡಲ್ಲ ಅಂತ" ಎಂದು ಅವಳು ಕಾಂತಪ್ಪನವರ ಕಡೆ ತಿರುಗಿ ತೊದಲು ಕನ್ನಡದಲ್ಲಿ ಹೇಳಿದಳು. ಇಪ್ಪತ್ತನಾಲ್ಕರ ಕಣ್ಣಿಗೆ ಮೂವತ್ತೈದೂ ಅರವತ್ತಾರೂ ಒಂದೇ ಎಂಬುದು ಚೆನ್ನಯನಿಗೆ ಅವತ್ತು ಗೊತ್ತಾಯಿತು.

ಕಾಂತಪ್ಪ ತಮ್ಮ ಹೋಟೆಲ್ ಹಿಂದಿಯಲ್ಲಿ ಬದಲಿಯ ಕ್ರಮವನ್ನು ಮೊದಲಿಂದ ವಿವರಿಸಿದರು. ಭಾವ ರಾಮಪ್ಪನ ಕತೆಯೂ ಬಂತು. ವಿನೋದಿನಿ ಮೇಡಂ ಮುಖ ಗಂಟು ಹಾಕಿಕೊಂಡೇ ಕೇಳಿದರು. ಕೇಳಿ, ನೀವು ಸುಮ್ಮನೆ ಹಾಜರಿ ಹೇಳಿ ಮಲಗಿದಿರೋ, ಏನಾದರೂ ಕೇಳಿಸಿಕೊಂಡಿರೋ ಎಂದು ವಿಚಾರಿಸಿದರು. ಕಾಂತಪ್ಪ ನೋಟ್‌ಬುಕ್ ಬಿಚ್ಚಿದರು. ಇಂಗ್ಲಿಷ್ ಶಬ್ದಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದ ಹತ್ತೊಂಬತ್ತು ದಿನದ ಪಾಠ. ಮೇಡಂಗೆ ಓದಲು ಬರದು, ರಾಧಿಕಾಗೂ ಬರದು. ಕಾಂತಪ್ಪನವರೇ ಒಂದು ಪುಟ ಓದಿ ಹೇಳಿದರು. ದೇಶ ದೇಶದ ನಡುವೆ ವ್ಯಾಪಾರ ಯಾಕೆ ಆಗುತ್ತದೆ ಎಂಬ ಪಾಠ. ದೋಸೆಯವನಿಗೆ ಚಹಾವೂ ಚಹಾದವನಿಗಿಂತ ಚೆನ್ನಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಆದರೂ ಅವನು ದೋಸೆಗೇ ನಿಲ್ಲಬೇಕು, ಚಹಾವನ್ನು ಇನ್ನೊಬ್ಬನಿಗೆ ಬಿಡಬೇಕು. ಹಾಗೆ ಮಾಡಿದರೆ ಮಾತ್ರ ಇಬ್ಬರಿಗೂ ಒಳ್ಳೆಯದು, ಗಿರಾಕಿಗೂ ಒಳ್ಳೆಯದು. ಮೂರು ದಿನ ಬೋರ್ಡಿನ ಮೇಲೆ ಬರೆದರೂ ಯಾರಿಗೂ ಹತ್ತದ್ದು ಇವರು ಹೀಗೆ ಹೇಳಿದ ಮೇಲೆ ಇಡೀ ಕ್ಲಾಸಿಗೆ ಹತ್ತಿತು ಎಂದು ರಾಧಿಕಾ ಸಣ್ಣ ದನಿಯಲ್ಲಿ ಸೇರಿಸಿದಳು.

ವಿನೋದಿನಿ ಮೇಡಂ ಕಿಟಕಿಯ ಕಡೆ ಮುಖ ತಿರುಗಿಸಿದರು. ನಗುತ್ತಿದ್ದರೆಂದು ಚೆನ್ನಯನಿಗೆ ಗುಮಾನಿ. ತಿರುಗಿದಾಗ ಮುಖ ಮೊದಲಿನ ಹಾಗೇ ಇತ್ತು. ಅವರು ನೌಕಾಪಡೆಯ ಪತ್ರವನ್ನು ಮೇಜಿನ ಮೇಲಿಂದ ಅವನ ಕಡೆ ತಳ್ಳಿ ಒಂದು ದಾರಿ ತೋರಿಸಿದರು. ಪತ್ರ ವಾಪಸು ತೆಗೆದುಕೊಳ್ಳಿ. ರಿಜಿಸ್ಟರಿನಲ್ಲಿ ತೊಂಬತ್ತಮೂರು ಇದೆ, ಅದು ಹಾಗೇ ಇರಲಿ. ನೀವು ಪರೀಕ್ಷೆಗೆ ಕೂರಿ, ಈ ಹುಡುಗಿಯ ಕೆಲಸ ಉಳಿಯಲಿ, ಯಾರಿಗೂ ತೊಂದರೆಯಿಲ್ಲ. ಪತ್ರ ಇಟ್ಟರೆ ಮಾತ್ರ ಇದು ಪ್ರಾಕ್ಸಿ ಎಂದು ಬರೆಯಬೇಕಾಗುತ್ತದೆ, ಬರೆದ ಮೇಲೆ ಮನ್ನಾಕ್ಕೆ ನಾನು ಸಹಿ ಹಾಕುವ ಹಾಗಿಲ್ಲ.

ಪತ್ರ ಚೆನ್ನಯನ ಬೆರಳಿನ ಹತ್ತಿರವೇ ಇತ್ತು. ಎತ್ತಿ ಜೇಬಿಗೆ ಹಾಕಿಕೊಂಡರೆ ಏಪ್ರಿಲ್ ಅವನದು. ಪಕ್ಕದಲ್ಲಿ ಅಪ್ಪನ ಕಣ್ಣುಗಳು ಆಸೆಯಿಂದ ಅವನನ್ನೇ ನೋಡುತ್ತಿದ್ದವು. ಆಸೆ ಅವನಿಗೂ ಆಯಿತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅವನ ಕಣ್ಣ ಮುಂದೆ ಬಂದದ್ದು ಹಡಗಿನ ಊಟದ ಸಾಲು; ತೂಗಾಡುವ ನೆಲದ ಮೇಲೆ ತಟ್ಟೆ ಹಿಡಿದು ನಿಂತ ಜನ, ದಿನಕ್ಕೆ ಮೂರು ಹೊತ್ತು.

"ಆ ಹತ್ತೊಂಬತ್ತು ದಿನ ಹಡಗಿನಲ್ಲಿ ಇನ್ನೂರು ಜನ ನನ್ನ ಕೈಯ ಊಟ ಮಾಡಿದ್ದಾರೆ ಮೇಡಂ. ನಾನು ಇಲ್ಲಿದ್ದೆ ಅಂತಾದರೆ ಅವರಿಗೆ ಬಡಿಸಿದ್ದು ಯಾರು? ಹಾಜರಿ ಹೊಡೆದುಹಾಕಿ. ಪತ್ರ ಇರಲಿ."

ಆಗ ಕಾಂತಪ್ಪ ಒಂದು ಹೆಜ್ಜೆ ಮುಂದೆ ಬಂದರು. ತಪ್ಪು ಮಾಡಿದ್ದು ನಾನು, ಅವನಿಗೆ ಗೊತ್ತೇ ಇರಲಿಲ್ಲ, ಎಷ್ಟು ತಪ್ಪಿದೆಯೋ ಅಷ್ಟನ್ನೂ ನನ್ನ ಹೆಸರಿಗೆ ಬರೆಯಿರಿ ಎಂದರು. ಇನ್ನು ಈ ಗೇಟಿನೊಳಗೆ ಕಾಲಿಡುವುದಿಲ್ಲ, ಅವನೊಬ್ಬನನ್ನು ಪರೀಕ್ಷೆಗೆ ಕೂರಿಸಿ ಎಂದು ಕೈಮುಗಿದರು. ನೋಟ್‌ಬುಕ್ ಕಂಕುಳಲ್ಲೇ ಇತ್ತು. ಮೂವತ್ತನಾಲ್ಕು ವರ್ಷ ಹೊರಗಿಂದ ನೋಡಿದ ಗೇಟನ್ನು ಹತ್ತೊಂಬತ್ತು ದಿನ ದಾಟಿದ ಮನುಷ್ಯ ಈಗ ಅದನ್ನು ಬಿಟ್ಟುಕೊಡುತ್ತಿದ್ದಾರೆ ಎಂದು ಚೆನ್ನಯನಿಗೆ ಅರ್ಥವಾಯಿತು.

ವಿನೋದಿನಿ ಮೇಡಂ ಇಬ್ಬರನ್ನೂ ನೋಡಿದರು. ಆಮೇಲೆ ರಾಧಿಕಾಳ ಕಡೆ ತಿರುಗಿ, ಇವರ ಹೆಸರೇನು ಎಂದು ನೀವು ಒಂದು ದಿನವಾದರೂ ಕೇಳಿದ್ದಿರಾ ಎಂದರು. ಇಲ್ಲ ಮೇಡಂ. ಹಾಗಾದರೆ ಇದು ಪ್ರಾಕ್ಸಿ ಹೇಗಾಗುತ್ತದೆ ಎಂದು ಅವರು ಗದರಿದರು. ಪ್ರಾಕ್ಸಿ ಎಂದರೆ ಖಾಲಿ ಬೆಂಚಿಗೆ ಹಾಜರಿ ಹಾಕುವುದು. ಇಲ್ಲಿ ಬೆಂಚಿನ ಮೇಲೆ ಒಬ್ಬರು ದಿನಾ ಮೂರು ಗಂಟೆ ಕೂತು, ಕೇಳಿ, ಬರೆದುಕೊಂಡು, ನಿಮ್ಮ ಪಾಠವನ್ನೂ ಮಾಡಿಕೊಟ್ಟಿದ್ದಾರೆ. ಕ್ಲಾಸಿಗೆ ಒಬ್ಬ ಅತಿಥಿ ಬಂದಿದ್ದರು, ನೀವು ಅವರ ಹೆಸರು ಕೇಳದೆ ಬೇರೆಯವರ ಸಾಲಿನಲ್ಲಿ ಬರೆದಿರಿ. ತಪ್ಪು ಲೆಕ್ಚರರದು, ತಿದ್ದಿದರೆ ಆಯಿತು. ಹೌದು ಮೇಡಂ, ನನ್ನದೇ ತಪ್ಪು ಎಂದು ರಾಧಿಕಾ ಅಷ್ಟು ಬೇಗ, ಅಷ್ಟು ಸಂತೋಷದಿಂದ ಒಪ್ಪಿಕೊಂಡದ್ದನ್ನು ಕಂಡು ಬಾಗಿಲಲ್ಲಿದ್ದ ನಬೀಸಾಬರೂ ನಕ್ಕುಬಿಟ್ಟರು.

ನಬೀಸಾಬ ರಿಜಿಸ್ಟರ್ ತಂದಿಟ್ಟರು. ಮೇಡಂ ಕೆಂಪು ಪೆನ್ನು ತೆಗೆದು ನಲವತ್ತೇಳರ ಮುಂದಿನ ಗುರುತುಗಳನ್ನು ಒಂದೊಂದಾಗಿ ಹೊಡೆದು, ಪ್ರತಿಯೊಂದರ ಪಕ್ಕ ಸಣ್ಣ ಸಹಿ ಹಾಕಿದರು. ಹತ್ತೊಂಬತ್ತನೆಯದು ಮುಗಿದ ಮೇಲೆ ನೌಕಾಪಡೆಯ ಪತ್ರ ಎಳೆದುಕೊಂಡು, ಕೊರತೆ ಮನ್ನಾ ಎಂದು ಬರೆದು ದೊಡ್ಡ ಸಹಿ ಹಾಕಿದರು. ಏಪ್ರಿಲ್ ಹದಿನೆಂಟಕ್ಕೆ ಪರೀಕ್ಷೆ, ಓದುವುದಕ್ಕೆ ಹೋಗಿ ಎಂದರು. ಚೆನ್ನಯ ಸಲ್ಯೂಟ್ ಹೊಡೆಯುವುದೋ ಕಾಲು ಮುಟ್ಟುವುದೋ ತಿಳಿಯದೆ ಎರಡರ ನಡುವಿನದೊಂದು ಮಾಡಿದ.

ಕಾಂತಪ್ಪ ಮಾತ್ರ ರಿಜಿಸ್ಟರಿನ ಮೇಲಿನ ಕಣ್ಣು ತೆಗೆದಿರಲಿಲ್ಲ. ಕೆಂಪು ಗೆರೆಯ ಕೆಳಗಿದ್ದದ್ದು ಅವರ ಹತ್ತೊಂಬತ್ತು ಬೆಳಗು. ವಿನೋದಿನಿ ಮೇಡಂ ಅದನ್ನು ನೋಡಿದರು. ಪುಟದ ಕೆಳಗೆ, ಕೊನೆಯ ನಂಬರಿನ ಆಚೆ, ಒಂದು ಖಾಲಿ ಸಾಲಿತ್ತು. ಅವರು ರಿಜಿಸ್ಟರನ್ನು ರಾಧಿಕಾಳ ಕಡೆ ತಿರುಗಿಸಿ, ಅತಿಥಿಯ ಹೆಸರು ಬರೆದು ಹತ್ತೊಂಬತ್ತು ದಿನ ಹಾಕಿ, ಇನ್ನು ಮುಂದೆ ಅವರು ಬಂದರೆ ಈ ಸಾಲಿನಲ್ಲೇ ಬರಲಿ ಎಂದರು. ರಾಧಿಕಾ ಹೆಸರು ಕೇಳಿ ಬರೆದಳು. ಗುರುತು ಹಾಕಲು ಪೆನ್ನು ಊರುವಷ್ಟರಲ್ಲಿ ಮೇಡಂ ತಡೆದರು. ಕೂಗದೆ ಹಾಜರಿ ಹಾಕುತ್ತೀರಾ, ಇಷ್ಟು ರಾಮಾಯಣ ಆದ ಮೇಲೂ?

ರಾಧಿಕಾ ಗಂಟಲು ಸರಿಮಾಡಿಕೊಂಡು ಕ್ಲಾಸಿನಲ್ಲಿ ಕೂಗುವ ಹಾಗೇ ಕೂಗಿದಳು. "ಕಾಂತಪ್ಪ."

ಕಾಂತಪ್ಪ ನೆಟ್ಟಗೆ ನಿಂತರು. ಬಾಯಿ ತೆರೆದರು. ಮಗನ ಹೆಸರಿಗೆ ಹತ್ತೊಂಬತ್ತು ದಿನ ಇಡೀ ಮಾಳಿಗೆಗೆ ಕೇಳುವ ಹಾಗೆ ಓಗೊಟ್ಟ ಗಂಟಲಿನಿಂದ ತಮ್ಮ ಹೆಸರಿಗೆ ಒಂದು ಸ್ವರವೂ ಹೊರಡಲಿಲ್ಲ. ಕಣ್ಣು ತುಂಬಿ ಬಂದಿತ್ತು. ಶರ್ಟಿನ ತುದಿಯನ್ನು ಹಿಡಿದುಕೊಂಡು, ಇನ್ನೇನು ಹೇಳುತ್ತೇನೆ ಎಂಬಂತೆ ತುಟಿಯಾಡಿಸಿದರು. ರಾಧಿಕಾ ಪೆನ್ನು ಹಿಡಿದು ಕಾದಳು. ನಬೀಸಾಬ ಕಾದರು. ಇನ್ನೊಂದು ಗಳಿಗೆ ಕಳೆದರೆ ಗೈರುಹಾಜರಿ ಬಿದ್ದೀತು ಎನ್ನಿಸಿ ಚೆನ್ನಯ ಹಿಮ್ಮಡಿ ಜೋಡಿಸಿ, ಎದೆ ಮುಂದೆ ಮಾಡಿ, ಹಡಗಿನ ಈ ತುದಿಯಿಂದ ಆ ತುದಿಗೆ ಕೇಳುವ ದನಿಯಲ್ಲಿ ಅಪ್ಪನ ಬದಲಿಗೆ ಕೂಗಿದ.

"ಪ್ರೆಸೆಂಟ್ ಮೇಡಂ."

ವಿನೋದಿನಿ ಮೇಡಂ ಕೈ ಕೆಂಪು ಪೆನ್ನಿನ ಕಡೆ ಹೋಯಿತು. ಅವರು ಅದನ್ನು ಎತ್ತಿಕೊಂಡು, ಕ್ಯಾಪು ಹಾಕಿ, ಡ್ರಾಯರಿನೊಳಗೆ ಇಟ್ಟರು.